ಲೈನ್ ಅಂದರೆ ಗೆರೆ ಎಂದು ಕಲಿಸಿದ ವರ್ಷಗಳು

ಹೋದ ತಿಂಗಳು ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿತು. ಸಿಹಿ ಕೊಡಲು ಬಂದವಳು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು: "ಮೇಡಂ, ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಪದದ ಅರ್ಥ ಹೇಳಿಕೊಡೋಕೆ ಸುಲಭದ ದಾರಿ ಯಾವುದು?" ಏನೋ ಎರಡು ಮಾತು ಹೇಳಿ ಕಳಿಸಿದೆ. ಅವಳು ಹೋದ ಮೇಲೆ ಮನಸ್ಸು ತಡೆಯಲಿಲ್ಲ. ಸುಲಭದ ದಾರಿ ನನಗೆ ಚೆನ್ನಾಗಿ ಗೊತ್ತಿತ್ತು, ಅದರಲ್ಲೇ ಹಲವು ವರ್ಷ ನಡೆದಿದ್ದೆ. ಅದರಿಂದ ಏನಾಯಿತು ಅನ್ನುವುದನ್ನು ಮಾತ್ರ ಅವಳಿಗೆ ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ, ಯಾರು ಶಾಲು ಹೊದಿಸಿದರು ಅನ್ನುವುದು ಇದರಲ್ಲಿಲ್ಲ. ಅದರಿಂದ ಹೊಸಬರಿಗೆ ಕಲಿಯುವುದೇನೂ ಇಲ್ಲ.

ನನ್ನೂರು ಹರದನಹಳ್ಳಿ. ನಮ್ಮಪ್ಪ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದರು. ನಮ್ಮ ಮನೆತನದಲ್ಲಿ ಬಿ.ಎ. ಮಾಡಿದವಳು ನಾನೇ ಮೊದಲು. ಹೆಣ್ಣುಮಕ್ಕಳಲ್ಲಿ ಮೊದಲು ಅಂತಲ್ಲ, ಗಂಡಸರನ್ನೂ ಸೇರಿಸಿಯೇ ಮೊದಲು. ಈ ಮಾತನ್ನು ಜಂಬದಿಂದಲೇ ಬರೆಯುತ್ತಿದ್ದೇನೆ. ಪಟ್ಟ ಕಷ್ಟಕ್ಕೆ ಅಷ್ಟು ಜಂಬ ಇರಲಿ ಅನ್ನಿಸುತ್ತದೆ.

ನನ್ನ ಇಂಗ್ಲಿಷ್ ನೋಟ್‌ಬುಕ್ಕಿನಿಂದ ಬಂದದ್ದು. ಹಾಳೆಯನ್ನು ಉದ್ದಕ್ಕೆ ಮಡಿಚಿ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದಲ್ಲಿ ಒಂದು ಅರ್ಥ. ಒಂದೇ ಅರ್ಥ. ಎರಡು ಬರೆದರೆ ಎರಡೂ ಮರೆತುಹೋಗುತ್ತದೆ ಅಂತ ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಬೆಳಗಿನ ಬಸ್ಸಿನಲ್ಲಿ ಚಾಮರಾಜನಗರದ ಕಾಲೇಜಿಗೆ ಹೋಗುವಾಗ ಕಂಬಿ ಹಿಡಿದು ನಿಂತುಕೊಂಡೇ ಬಾಯಿಪಾಠ ಮಾಡುತ್ತಿದ್ದೆ. ಪಕ್ಕದಲ್ಲಿ ನಿಂತ ಹೆಂಗಸರು "ಏನವ್ವಾ, ಮಂತ್ರ ಏಳ್ತಿದ್ದಯಾ?" ಅನ್ನುತ್ತಿದ್ದರು.

ಕಾಲೇಜಿನ ಮೊದಲ ವರ್ಷ ಲೆಕ್ಚರರ್ ಒಂದು ಪಾಠದ ವಾಕ್ಯವನ್ನು ಕನ್ನಡದಲ್ಲಿ ಹೇಳಿ ಅಂದರು. ಹುಡುಗನೊಬ್ಬ ಕೆರೆಗೆ ಲೈನ್ ಎಸೆದು ಕೂತ ಅಂತ ಅದರಲ್ಲಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಲೈನ್ ಅಂದರೆ ಗೆರೆ. ಎದ್ದು ನಿಂತು ಧೈರ್ಯವಾಗಿ, "ಹುಡುಗನು ಕೆರೆಗೆ ಗೆರೆಯನ್ನು ಎಸೆದು ಕುಳಿತನು" ಅಂದೆ. ಟೌನಿನ ಹುಡುಗಿಯರು ಡೆಸ್ಕಿಗೆ ಮುಖ ಒತ್ತಿಕೊಂಡು ನಕ್ಕರು. ಅದು ಮೀನು ಹಿಡಿಯುವ ಗಾಳದ ದಾರ ಅಂತ ಲೆಕ್ಚರರೇ ಆಮೇಲೆ ಹೇಳಿದರು. ಒಂದು ಪದಕ್ಕೆ ನಾಲ್ಕಾರು ಅರ್ಥ ಇರುತ್ತದೆ ಅನ್ನುವುದನ್ನು ನಾನು ಅವತ್ತು ಕಲಿಯಬೇಕಿತ್ತು. ಕಲಿತದ್ದು ಬೇರೆ. ಗೊತ್ತಿಲ್ಲದ ಕಡೆ ಬಾಯಿ ಬಿಡಬಾರದು, ಗೊತ್ತಿಲ್ಲ ಅಂತ ಯಾರಿಗೂ ಕಾಣಿಸಬಾರದು ಅಂತ ಕಲಿತೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಟೀಚರಾಗಿ ಬಂದೆ. ಊರಿನ ಹೆಸರು ಬರೆಯುವುದಿಲ್ಲ. ಹಂಗಳದ ಆಚೀಚೆ ಅಂದುಕೊಳ್ಳಿ, ಕಿಟಕಿಯಿಂದ ನೋಡಿದರೆ ಬಂಡೀಪುರದ ಕಾಡು ಕಾಣುತ್ತಿತ್ತು. ನಾನು ಗುಂಡ್ಲುಪೇಟೆಯಲ್ಲಿ ಒಂದು ರೂಮು ಮಾಡಿಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದೆ. ಹೆಡ್‌ಮಾಸ್ಟರ್ ಪುಟ್ಟಸ್ವಾಮಪ್ಪನವರು ನಿವೃತ್ತಿಗೆ ಹತ್ತಿರ ಬಂದಿದ್ದರು. ಮನುಷ್ಯ ಕೆಟ್ಟವರಲ್ಲ. ಆದರೆ ಅವರ ಜೀವವೆಲ್ಲ ಸ್ಟಾಕ್ ರಿಜಿಸ್ಟರಿನಲ್ಲಿತ್ತು. ಶಾಲೆಯ ಗ್ಲೋಬು, ಭೂತಗನ್ನಡಿ, ಒಂದೇ ಒಂದು ಇಂಗ್ಲಿಷ್ ಡಿಕ್ಷನರಿ, ಮೂರನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬೀಗದ ಕೈ ಅವರ ಕರವಸ್ತ್ರದ ತುದಿಯಲ್ಲಿ ಗಂಟು ಹಾಕಿಕೊಂಡಿರುತ್ತಿತ್ತು. ಮೂಗು ಒರೆಸಿಕೊಂಡಾಗಲೆಲ್ಲ ಅದು ಗಲ್ಲಕ್ಕೆ ಬಡಿಯುತ್ತಿತ್ತು.

ನನಗೆ ಗೊತ್ತಿದ್ದ ದಾರಿಯಲ್ಲೇ ಮಕ್ಕಳನ್ನೂ ನಡೆಸಿದೆ. ಬೋರ್ಡಿನ ಎಡಗಡೆ ಪದ, ಬಲಗಡೆ ಅರ್ಥ, ದಿನಕ್ಕೆ ಹದಿನೈದು. ಬರೆದುಕೊಂಡು ಹೋಗಿ ಮಾರನೆಯ ದಿನ ಒಪ್ಪಿಸಬೇಕು. ತಪ್ಪಿದರೆ ಹತ್ತು ಸಲ ಬರೆಯಬೇಕು. ಮೊದಲ ವರ್ಷವೇ ಇಂಗ್ಲಿಷಿನಲ್ಲಿ ಪಾಸಾದವರು ಹೆಚ್ಚಿದರು. ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, "ನೋಡ್ರಪ್ಪ, ಪಾಠ ಮಾಡೋದು ಅಂದ್ರೆ ಇದು" ಅಂದರು. ಆ ಮಾತು ನನಗೆ ಬಹಳ ದಿನ ರುಚಿಸಿತು. ಇದನ್ನು ಓದುವ ಹೊಸಬರಿಗೆ ಇಲ್ಲೇ ಹೇಳಿಬಿಡುತ್ತೇನೆ: ಆ ರೀತಿ ಮಕ್ಕಳು ಪಾಸಾಗುತ್ತಾರೆ. ಸುಳ್ಳಲ್ಲ. ಅದಕ್ಕೇ ಅದನ್ನು ಬಿಡುವುದು ಕಷ್ಟ.

ಆ ಶಾಲೆಗೆ ಬಂದ ಮೂರನೆಯ ವರ್ಷ ನನ್ನ ಹತ್ತನೇ ಕ್ಲಾಸಿನಲ್ಲಿ ನಂಜಮಣಿ ಅಂತ ಒಬ್ಬ ಹುಡುಗಿ ಇದ್ದಳು. ಅವಳಪ್ಪ ಕೆಂಪಯ್ಯನಿಗೆ ಒಂದಿಷ್ಟು ಮಳೆ ನಂಬಿದ ಹೊಲ. ಚಳಿಗಾಲ ಮುಗಿಯುವ ಹೊತ್ತಿಗೆ ಕಾಡಿನಲ್ಲಿ ಕೂಲಿ. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಹರಡದ ಹಾಗೆ ಗಿಡಗಂಟಿ ಸವರಿ ಕಾಡಿನ ನಡುವೆ ಬೋಳು ಪಟ್ಟಿ ತೆಗೆಯುತ್ತಾರೆ. ಅದಕ್ಕೆ ಆ ಕಡೆ ಲೈನ್ ಕಡಿಯುವುದು ಅನ್ನುತ್ತಾರೆ.

ಅವತ್ತು ಬೋರ್ಡಿನ ಮೇಲೆ ಲೈನ್ ಬರೆದು ಎದುರಿಗೆ ಗೆರೆ ಅಂತ ಬರೆದೆ. ನಂಜಮಣಿ ಎದ್ದು ನಿಂತಳು.

"ಮಿಸ್, ನಮ್ಮಪ್ಪ ಕಾಡ್ಗೆ ಲೈನ್ ಕಡಿಯಕ್ಕೆ ಓಯ್ತದೆ. ಗೆರೆ ಕಡಿಯಕ್ಕಾದದಾ?"

ಕ್ಲಾಸು ಕಿಸಕ್ ಅಂದಿತು. ಹಿಂದಿನ ಬೆಂಚಿನವನೊಬ್ಬ ಅವಕಾಶ ಬಿಡಲಿಲ್ಲ. "ಕರೆಂಟ್ ಓದ್ರೆ ಲೈನ್ ಓಯ್ತು ಅಂತರೆ ಮಿಸ್. ಗೆರೆ ಓದ್ದೆಲ್ಲಿಗೆ?"

ಇನ್ನೊಬ್ಬ ಮುಖ ಕೆಳಗೆ ಹಾಕಿಕೊಂಡು, "ನಮ್ಮಣ್ಣ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಲ್ಲಿ ದಿನಾ ಲೈನ್ ಒಡೀತನೆ ಕಣ್ಲಾ. ಸ್ಕೇಲ್ ಇಟ್ಕಂಡು ಓಗು ಅಂತ ಏಳ್ಬೇಕು" ಅಂದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು.

ನನಗೆ ಡೆಸ್ಕಿಗೆ ಮುಖ ಒತ್ತಿ ನಕ್ಕವರು ನೆನಪಾದರು. "ಬಾಯ್ಮುಚ್ರೋ. ಪರೀಕ್ಷೇಲಿ ಬಂದ್ರೆ ಗೆರೆ ಅಂತ ಬರೀಬೇಕು. ಬೇರೆ ಬರೆದ್ರೆ ಸೊನ್ನೆ. ನಂಜಮಣಿ, ಕೂತ್ಕೊ" ಅಂತ ಗದರಿದೆ.

ಹುಡುಗರು ಮರೆತರು. ಅವಳು ಮರೆಯಲಿಲ್ಲ. ಹದಿನೈದು ದಿನ ಆದ ಮೇಲೆ ನೋಟ್‌ಬುಕ್ ತಿದ್ದುವಾಗ ಅವಳ ಪುಟ ನೋಡಿದೆ. ಎಡಗಡೆ ಲೈನ್ ಅನ್ನುವ ಒಂದೇ ಪದ. ಬಲಗಡೆ ಸಣ್ಣ ಅಕ್ಷರದಲ್ಲಿ ತುಂಬಿಸಿ, ಜಾಗ ಸಾಲದೆ ಹಿಂದಿನ ಪುಟಕ್ಕೂ ಹೋಗಿದ್ದಳು. ಗೆರೆ, ಮಿಸ್ ಹೇಳಿದ್ದು. ಕಾಡಿನ ಬೋಳು ಪಟ್ಟಿ, ಅಪ್ಪ ಹೇಳಿದ್ದು. ಕರೆಂಟು, ಎಲ್ಲರೂ ಹೇಳುವುದು. ಫಾರೆಸ್ಟಿನವರ ಸಾಲು ಮನೆ, ಅವರ ಮನೆಗೆ ಹಾಲು ಹಾಕುವ ಅತ್ತೆ ಹೇಳಿದ್ದು. ರೇಷನ್ ಅಂಗಡಿ ಮುಂದೆ ಒಬ್ಬರ ಹಿಂದೆ ಒಬ್ಬರು ನಿಲ್ಲುವುದು, ಅಂಗಡಿಯವನು ಹೇಳಿದ್ದು. ಊರೂರಿಗೆ ನಿಲ್ಲಿಸುವ ಬಸ್ಸು, ಕೇರಳದ ಲಾರಿ ಡ್ರೈವರ್ ಹೇಳಿದ್ದು. ಮನೆ ಕಟ್ಟುವಾಗ ಈ ಮೂಲೆಯಿಂದ ಆ ಮೂಲೆಗೆ ಎಳೆದು ಕಟ್ಟುವ ದಾರ, ಗಾರೆ ಮೇಸ್ತ್ರಿ ಹೇಳಿದ್ದು. ಕೊನೆಯಲ್ಲಿ ರವಿಕೆಯ ಒಳಗೆ ಕೊಡುವ ಬಟ್ಟೆ, ಲೈನಿಂಗ್ ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಳು. ಇದೂ ಅದೇ ಪದವೋ ಅಲ್ಲವೋ ಅನ್ನುವ ಅನುಮಾನ ಅವಳಿಗೆ.

ಹದಿನೈದು ವರ್ಷದ ಹುಡುಗಿ, ಯಾರೂ ಹೇಳಿಕೊಡದೆ, ಒಂದೊಂದು ಅರ್ಥಕ್ಕೂ ಅದನ್ನು ಹೇಳಿದವರ ಹೆಸರು ಬರೆದಿದ್ದಳು. ಇವತ್ತು ಅಂಥ ಪುಟ ಕಂಡರೆ ಊರಿಗೆಲ್ಲ ತೋರಿಸಿಕೊಂಡು ಬರುತ್ತೇನೆ. ಅವತ್ತು ಕೆಂಪು ಪೆನ್ನಿನಲ್ಲಿ ಅಡ್ಡ ಹೊಡೆದು "ಒಂದೇ ಅರ್ಥ ಬರೆ. ಹತ್ತು ಸಲ" ಅಂತ ಬರೆದೆ.

ಹತ್ತು ಸಲ ಬರೆದುಕೊಂಡೇ ಬಂದಳು. ತಂದು ತೋರಿಸಿ, ಜಗಲಿಯಲ್ಲಿ ನನ್ನ ಹಿಂದೆಯೇ ಬಂದಳು.

"ಮಿಸ್, ಇಷ್ಟ್ರಲ್ಲಿ ಮೊದ್ಲು ಯಾವ್ದು ಉಟ್ಟಿದ್ದು?"

"ಗೆರೆನೇ ಮೊದಲು" ಅಂದೆ. ನನಗೆ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

"ಯಾರ್ ಏಳಿದ್ರು ಮಿಸ್?"

ಉದ್ಧಟತನಕ್ಕೆ ಕೇಳಿದ್ದಲ್ಲ. ಹೇಳಿದವರ ಹೆಸರು ಬರೆದುಕೊಳ್ಳುವುದು ಅವಳ ರೂಢಿ. ಪೆನ್ಸಿಲ್ ಕೈಯಲ್ಲೇ ಇತ್ತು.

"ಪುಸ್ತಕದಲ್ಲಿದೆ."

"ಯಾವ್ ಪುಸ್ತಕ ಮಿಸ್?"

"ನಿಂಗೆ ಅದೆಲ್ಲ ಯಾಕೆ? ಹೋಗು ಕ್ಲಾಸಿಗೆ."

ಅವತ್ತು ಸಾಯಂಕಾಲ ಹೆಡ್‌ಮಾಸ್ಟರ ಹತ್ತಿರ ಡಿಕ್ಷನರಿ ಕೇಳಿದೆ. ಅವರು ಕರವಸ್ತ್ರದ ಗಂಟು ಬಿಚ್ಚುತ್ತ, "ಯಾಕ್ ಮೇಡಂ, ನಿಮಗೂ ಗೊತ್ತಿಲ್ಲದ ಪದ ಉಂಟಾ?" ಅಂತ ನಕ್ಕರು. ತಮಾಷೆಗೆ ಅಂದದ್ದು. "ಇಲ್ಲ ಸಾರ್, ಸ್ಪೆಲ್ಲಿಂಗ್ ಒಂದು ನೋಡ್ಬೇಕಿತ್ತು" ಅಂದೆ. ಅವರ ಎದುರಿಗೇ ನಿಂತು ತೆಗೆದು ನೋಡಿದರೆ ಆ ಒಂದು ಪದ ಪುಟ ತುಂಬ ಹರಡಿಕೊಂಡಿತ್ತು. ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದ ಅರ್ಥಗಳಲ್ಲಿ ಹೆಚ್ಚಿನವು ಅಲ್ಲಿದ್ದವು. ಮೊದಲು ಯಾವುದು ಹುಟ್ಟಿತು ಅನ್ನುವುದು ಮಾತ್ರ ಆ ಸಣ್ಣ ಡಿಕ್ಷನರಿಯಲ್ಲಿ ಇರಲಿಲ್ಲ. ಮುಚ್ಚಿ ವಾಪಸ್ ಕೊಟ್ಟೆ.

ಮಾರನೆಯ ದಿನ ಅವಳನ್ನು ಕರೆದು "ನೀನು ಬರೆದದ್ದು ಸರಿ ಕಣಮ್ಮ" ಅನ್ನಬಹುದಿತ್ತು. ಅನ್ನಲಿಲ್ಲ. ಅವಳು ಕೈ ಎತ್ತಿದರೆ ಬೇರೆ ಕಡೆ ನೋಡಲು ಶುರುಮಾಡಿದೆ.

ಜನವರಿಯಲ್ಲಿ ಮೈಸೂರಿನಿಂದ ಇಂಗ್ಲಿಷ್ ವಿಷಯ ಪರಿವೀಕ್ಷಕರು ಬರುತ್ತಾರೆ ಅಂತ ಕಾಗದ ಬಂತು. ಇನ್ಸ್‌ಪೆಕ್ಷನ್ ಅಂದರೆ ಆಗ ಮದುವೆ ಮನೆ ಇದ್ದ ಹಾಗೆ. ಸುಣ್ಣ ಬಳಿಯುವುದು, ಚಾರ್ಟು ಬರೆಯುವುದು, ಒಂದೇ ಪಾಠವನ್ನು ನಾಲ್ಕು ದಿನ ಮಾಡಿ ಮಾಡಿ ಮಕ್ಕಳ ಬಾಯಲ್ಲಿ ಅರೆದು ಇಡುವುದು. ಪುಟ್ಟಸ್ವಾಮಪ್ಪನವರು ನನಗೆ ಇನ್ನೊಂದು ಗುಟ್ಟು ಹೇಳಿಕೊಟ್ಟರು. ಪ್ರಶ್ನೆ ಕೇಳಿದಾಗ ಕ್ಲಾಸಿನಲ್ಲಿ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಟೀಚರು ಬಲಗೈ ಎತ್ತಿದವರನ್ನು ಮಾತ್ರ ಕೇಳಬೇಕು. ನೋಡುವವರಿಗೆ ಇಡೀ ಕ್ಲಾಸೇ ಬುದ್ಧಿವಂತರ ಕ್ಲಾಸು.

ಗುಟ್ಟಿನ ಎರಡನೆಯ ಭಾಗ, ತೊಂದರೆ ಕೊಡುವ ಮಕ್ಕಳನ್ನು ಅವತ್ತು ಮನೆಯಲ್ಲೇ ಉಳಿಸುವುದು. ಸಾಮಾನ್ಯವಾಗಿ ಓದು ಹತ್ತದ ಮಕ್ಕಳಿಗೆ ಹೀಗೆ ಹೇಳುತ್ತಿದ್ದೆವು. ಅವರೂ ಖುಷಿಯಿಂದ ಉಳಿಯುತ್ತಿದ್ದರು.

"ಆ ಕೆಂಪಯ್ಯನ ಮಗಳು ಸಾಹೇಬರನ್ನೇ ಪ್ರಶ್ನೆ ಕೇಳಿಬಿಟ್ಟರೆ ಏನ್ ಮಾಡ್ತೀರಾ ಮೇಡಂ?" ಅಂದರು ಹೆಡ್‌ಮಾಸ್ಟರು.

"ನಾನು ನೋಡ್ಕೋತೀನಿ ಸಾರ್" ಅಂದೆ.

ಹಿಂದಿನ ದಿನ ಬೆಲ್ ಹೊಡೆದ ಮೇಲೆ ನಂಜಮಣಿಯನ್ನು ನಿಲ್ಲಿಸಿಕೊಂಡು, ನಾಳೆ ಬರಬೇಡ ಅಂದೆ.

"ಯಾಕ್ ಮಿಸ್? ನಂಗೆ ಪಾಠ ಎಲ್ಲ ಬತ್ತದೆ. ಬಲಗೈ ಎತ್ತೀನಿ."

"ಬರಬೇಡ ಅಂದ್ರೆ ಬರಬೇಡ. ನೀನಿದ್ರೆ ನಂಗೆ ಕಷ್ಟ ಆಗ್ತದೆ."

"ಅಪ್ಪ ಕೇಳುದ್ರೆ ಏನ್ ಏಳ್ಲಿ ಮಿಸ್?"

"ಮಿಸ್ ಬರಬೇಡ ಅಂದ್ರು ಅಂತ ಹೇಳು."

ಇನ್ಸ್‌ಪೆಕ್ಷನ್ ಚೆನ್ನಾಗಿಯೇ ಆಯಿತು. ಎಲ್ಲರೂ ಕೈ ಎತ್ತಿದರು. ಪರಿವೀಕ್ಷಕರು ಹಳೆಯ ಹುಲಿ. ನಡುವೆ ತಾವೇ ಎದ್ದು ಎಡಗೈ ಎತ್ತಿದ್ದ ಒಬ್ಬನನ್ನು "ನೀನು ಹೇಳಪ್ಪ" ಅಂದರು. ಅವನು ಗಾಬರಿಯಲ್ಲಿ "ಸಾ, ನಂದು ಎಡಗೈ ಸಾ" ಅಂದುಬಿಟ್ಟ. ಅವರು ನಕ್ಕರು, ಮುಂದೆ ಕೆದಕಲಿಲ್ಲ. ಪುಸ್ತಕದಲ್ಲಿ ಉತ್ತಮ ಅಂತಲೇ ಬರೆದರು. ಹೊರಡುವಾಗ ನನ್ನೊಬ್ಬಳಿಗೆ ಕೇಳುವ ಹಾಗೆ ಹೇಳಿದರು: "ಉತ್ತರ ಹೇಳೋರು ಬೇಕಾದಷ್ಟಿದ್ದಾರೆ ಮೇಡಂ. ಪ್ರಶ್ನೆ ಕೇಳೋರು ಒಬ್ಬರೂ ಇಲ್ವಾ ನಿಮ್ಮ ಕ್ಲಾಸಲ್ಲಿ?"

"ಇಲ್ಲ ಸಾರ್" ಅಂದೆ.

ಮಾರನೆಯ ದಿನ ನಂಜಮಣಿ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ವಾರ ಕಳೆಯಿತು. ಅವಳ ಬೀದಿಯ ಹುಡುಗಿಯನ್ನು ಕೇಳಿದರೆ, "ಅವ್ಳು ಉರುಳಿ ಕೀಳಕ್ಕೆ ಓಯ್ತಾವ್ಳೆ ಮಿಸ್. ಇನ್ನ ಬರಕಿಲ್ವಂತೆ" ಅಂದಳು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಎರಡೇ ತಿಂಗಳಿತ್ತು. ಅವಳು ಪಾಸಾಗುವ ವಿಷಯದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಪಾಸಾಗಿದ್ದರೆ ಅವರ ಮನೆತನದಲ್ಲಿ ಅವಳೇ ಮೊದಲಿನವಳಾಗುತ್ತಿದ್ದಳು. ಈ ಮೊದಲಿನವಳು ಅನ್ನುವ ಮಾತಿನ ತೂಕ ಆ ಶಾಲೆಯಲ್ಲಿ ನನಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಅವರ ಮನೆಗೆ ಹೋದೆ. ಕೆಂಪಯ್ಯ ಅವತ್ತು ಕಾಡಿಗೆ ಹೋಗಿರಲಿಲ್ಲ. ಟೀಚರಮ್ಮ ಬಂದವರೆ ಅಂತ ಕೇರಿಯ ಹತ್ತು ಜನ ಬಂದು ನಿಂತರು. ನನಗೆ ಒಂದು ಮಣೆ ಹಾಕಿದರು. ನಂಜಮಣಿ ಹೊಲದಿಂದ ಆಗಷ್ಟೇ ಬಂದಿದ್ದಳು, ಕೈಯೆಲ್ಲ ಹುರುಳಿ ಧೂಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಯಾಕೆ ಯಜಮಾನ್ರೆ, ಮಗಳನ್ನ ಸ್ಕೂಲು ಬಿಡಿಸಿದ್ರಾ?" ಅಂದೆ.

"ನಾನೆಲ್ಲಿ ಬುಡಿಸ್ದೆ ಮೇಡಮ್ಮೋರೆ? ಮಿಸ್ಸೇ ಬರಬ್ಯಾಡ ಅಂದ್ರು ಅಂದ್ಲು. ದೊಡ್ ಸಾಹೇಬ್ರು ಬರೋ ದಿನವೇ ಬ್ಯಾಡ ಅಂದ್ರಂತೆ. ನಮ್ ಮಗ್ಳು ಆ ಇಸ್ಕೂಲ್ಗೆ ನಾಲಾಯಕ್ಕು ಅಂದಂಗಾಯ್ತಲ್ಲ. ಓದ್ದೋರೇ ಬ್ಯಾಡ ಅಂದ್ಮೇಲೆ ನಾವ್ ಏನಂತ ಕಳ್ಸನ?"

ಹೌದು, ನಾನೇ ಅಂದದ್ದು, ತಪ್ಪು ನನ್ನದು, ಸೋಮವಾರ ಕಳಿಸಿ. ಇಷ್ಟೇ ಹೇಳಬೇಕಾಗಿದ್ದದ್ದು. ಹೇಳಿದ್ದರೆ ಯಾಕೆ ಅಂದೆ ಅನ್ನುವುದೂ ಬರುತ್ತಿತ್ತು. ಹತ್ತು ಜನ ನಿಂತಿದ್ದರು. ಕೂಲಿಯವನ ಮಗಳಾಗಿ ಹುಟ್ಟಿ ಮಣೆಯ ಮೇಲೆ ಕೂರುವಷ್ಟು ಓದಿದವಳು ನಾನು. ಆ ಮಣೆಯ ಮೇಲೆ ಕೂತು ನಾನು ಹೇಳಿದ್ದು ಇದು: "ನಾನ್ಯಾಕೆ ಬರಬೇಡ ಅಂತೀನಿ? ನಾನು ಹಾಗೆ ಹೇಳೇ ಇಲ್ಲ. ಅವಳು ಏನೋ ತಪ್ಪು ತಿಳ್ಕೊಂಡಿದ್ದಾಳೆ."

ಕೆಂಪಯ್ಯ ಮಗಳ ಕಡೆ ತಿರುಗಿದ. "ಏನಮ್ಮಿ? ಸುಳ್ಳೇಳ್ದಾ?"

ಅವಳು ನನ್ನನ್ನು ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ನನ್ನನ್ನು ಇಷ್ಟು ವರ್ಷ ಬಾಧಿಸುತ್ತಿರಲಿಲ್ಲ. ನನ್ನ ಉತ್ತರಕ್ಕೆ ಕಾಯುವಾಗ ಕ್ಲಾಸಿನಲ್ಲಿ ಹೇಗೆ ನೋಡುತ್ತಿದ್ದಳೋ ಹಾಗೆ ನೋಡಿದಳು. ನಾನು ಬೇರೆ ಕಡೆ ನೋಡಿದೆ.

"ಊಂ ಕಣಪ್ಪ. ನಾನೇ ಸುಳ್ಳೇಳ್ದೆ" ಅಂದಳು.

"ಸುಳ್ಳೇಳಿ ಇಸ್ಕೂಲ್ ತಪ್ಪಿಸ್ಕಳೋಳ್ಗೆ ಓದ್ಯಾಕ್ ಬೇಕು? ಓಗು ಒಳಕ್ಕೆ" ಅಂತ ಗದರಿದ ಕೆಂಪಯ್ಯ. ನನಗೆ ಕೈ ಮುಗಿದು, "ತೆಪ್ಪಾಯ್ತು ಮೇಡಮ್ಮೋರೆ, ನಿಮ್ಗೆ ಇಲ್ಲಿಗಂಟ ತೊಂದ್ರೆ ಆಯ್ತು" ಅಂದ. ನಾನು ಎದ್ದು ಬಂದೆ. ಬಸ್ಸಿನಲ್ಲಿ ಕೂತಾಗ, ಸೋಮವಾರ ಹೇಗೂ ಬರುತ್ತಾಳೆ ಅಂತ ನನಗೆ ನಾನೇ ಹೇಳಿಕೊಂಡೆ.

ಬರಲಿಲ್ಲ. ನಾನೂ ಮತ್ತೆ ಹೋಗಲಿಲ್ಲ. ಹೋಗಲು ಪ್ರತಿದಿನ ಒಂದೊಂದು ಅಡ್ಡಿ ಹುಡುಕಿಕೊಂಡೆ. ಫೆಬ್ರವರಿ ಕಳೆದ ಮೇಲೆ ಹೆಡ್‌ಮಾಸ್ಟರು "ಹಾಜರಾತಿ ಸಾಲದು ಮೇಡಂ, ಏನೂ ಮಾಡೋಕಾಗಲ್ಲ" ಅಂದರು. ಹಾಜರಿ ಪುಸ್ತಕದಲ್ಲಿ ಅವಳ ಹೆಸರನ್ನು ಹೊಡೆದುಹಾಕಿದ್ದು ನನ್ನ ಕೈಯೇ. ಆ ವರ್ಷವೂ ಇಂಗ್ಲಿಷಿನ ಫಲಿತಾಂಶ ಚೆನ್ನಾಗಿತ್ತು. ಸ್ಟಾಫ್ ರೂಮಿನಲ್ಲಿ ಮತ್ತೆ ಹೊಗಳಿದರು.

ಮುಂದಿನ ಜೂನಿನಲ್ಲಿ ಬೋರ್ಡಿನ ಮುಂದೆ ನಿಂತಾಗ ಎಡ ಬಲ ಮಾಡಿ ಬರೆಯಲು ಕೈ ಬರಲಿಲ್ಲ. ಒಂದು ಪದ ಬರೆದು, ಇದನ್ನು ಯಾರ ಬಾಯಲ್ಲಿ ಎಲ್ಲಿ ಕೇಳಿದ್ದೀರಿ ಅಂತ ಮಕ್ಕಳನ್ನೇ ಕೇಳಲು ಶುರುಮಾಡಿದೆ. ಮಕ್ಕಳು ಬಸ್ಸಿನಿಂದ, ಸಂತೆಯಿಂದ, ಆಸ್ಪತ್ರೆಯಿಂದ ಪದ ತಂದರು. ಹದಿನೈದರ ಲೆಕ್ಕ ನಾಲ್ಕಕ್ಕೆ ಇಳಿಯಿತು. ಪಾಠ ಹಿಂದೆ ಬಿತ್ತು ಅಂತ ಹೆಡ್‌ಮಾಸ್ಟರು ಗೊಣಗಿದರು. ಮೊದಲ ಸಲ "ಇದು ನಂಗೊತ್ತಿಲ್ಲ ಕಣ್ರೋ, ನಾಳೆ ನೋಡ್ಕೊಂಡು ಬರ್ತೀನಿ" ಅಂದು ಕ್ಲಾಸು ನಗುವುದನ್ನು ಕಾದೆ. ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ. ಹಿಂದಿನ ಬೆಂಚಿನ ಹುಡುಗ ಮಾತ್ರ, "ಮರೀಬ್ಯಾಡಿ ಮಿಸ್" ಅಂದ. ಇಷ್ಟು ಸಣ್ಣ ಮಾತಿಗೆ ನಾನು ಅಷ್ಟು ವರ್ಷ ಹೆದರಿಕೊಂಡಿದ್ದೆ.

ಆ ಮೇಲೆ ಹೊಸ ಪಠ್ಯಪುಸ್ತಕ ಬಂತು, ಮಕ್ಕಳನ್ನು ಮಾತಾಡಿಸಿ ಕಲಿಸಬೇಕು ಅನ್ನುವ ಹೊಸ ಪದ್ಧತಿ ಬಂತು. ಅದಕ್ಕಾಗಿ ಮೈಸೂರಿನಲ್ಲಿ ತರಬೇತಿಗೆ ಹೋಗಿದ್ದಾಗ ಊಟದ ವಿರಾಮದಲ್ಲಿ ಅಲ್ಲಿನ ಲೈಬ್ರರಿಗೆ ಹೋದೆ. ಎರಡು ಕೈಯಲ್ಲಿ ಎತ್ತಬೇಕಾದ ಡಿಕ್ಷನರಿ. ಪದ ಎಲ್ಲಿಂದ ಬಂತು ಅನ್ನುವುದೂ ಅದರಲ್ಲಿತ್ತು. ಲೈನ್ ಅನ್ನುವುದರ ಬೇರು ಒಂದು ಗಿಡ. ನಮ್ಮ ಕಡೆ ಅಗಸೆ ಅನ್ನುತ್ತೇವಲ್ಲ, ಎಣ್ಣೆಗೆ, ಚಟ್ನಿಪುಡಿಗೆ ಬಳಸುವ ಸಣ್ಣ ಬೀಜದ ಗಿಡ, ಅದು. ಅದರ ಕಾಂಡದಿಂದ ನಾರು ತೆಗೆದು ಹುರಿ ಮಾಡುತ್ತಿದ್ದರು, ಬಟ್ಟೆ ನೇಯುತ್ತಿದ್ದರು. ಆ ಗಿಡಕ್ಕೆ ಲ್ಯಾಟಿನಿನಲ್ಲಿದ್ದ ಹೆಸರಿನಿಂದ ಆ ನಾರಿನ ದಾರಕ್ಕೆ ಹೆಸರು ಬಂತು. ದಾರ ಎಳೆದು ಕಟ್ಟಿದರೆ ನೆಟ್ಟಗೆ ನಿಲ್ಲುತ್ತದೆ, ಅದನ್ನು ನೋಡಿ ಎಳೆದದ್ದು ಗೆರೆ. ಗೆರೆಯ ಹಾಗೆ ನಿಂತದ್ದು ಸಾಲು. ಸಾಲಾಗಿ ಕಟ್ಟಿದ ಮನೆ, ಸಾಲು ಹಿಡಿದು ಹೋಗುವ ದಾರಿ, ಕಂಬದಿಂದ ಕಂಬಕ್ಕೆ ಎಳೆದ ತಂತಿ, ಎಲ್ಲ ಅದರ ಹಿಂದೆ ಬಂದವು. ಅಂಗಿಯ ಒಳಗೆ ಆ ನಾರಿನ ಬಟ್ಟೆಯನ್ನೇ ಕೊಟ್ಟು ಹೊಲಿಯುತ್ತಿದ್ದದ್ದರಿಂದ ಲೈನಿಂಗ್. ಪ್ರಶ್ನೆ ಚಿಹ್ನೆ ಬೇಕಿರಲಿಲ್ಲ. ಗೆರೆ ಮೊದಲಿನದಲ್ಲ, ದಾರ ಮೊದಲಿನದು. ನಂಜಮಣಿಗೆ ಸರಿಯಾದ ಉತ್ತರ ಕೊಟ್ಟಿದ್ದವನು ಅವರೂರಿನ ಗಾರೆ ಮೇಸ್ತ್ರಿ.

ಓದುವಾಗ ಎಷ್ಟು ಸಂತೋಷವಾಯಿತೋ ಅಷ್ಟೇ ಸಂಕಟವೂ ಆಯಿತು. ಹೇಳಬೇಕಾದ ಹುಡುಗಿಯನ್ನು ನಾನೇ ಕಳೆದುಕೊಂಡಿದ್ದೆ.

ಆ ಹೊತ್ತಿಗೆ ನನಗೆ ಚಾಮರಾಜನಗರಕ್ಕೆ ವರ್ಗವಾಗಿತ್ತು. ನಂಜಮಣಿಯನ್ನು ಹುಡುಕಿಕೊಂಡು ಹೋಗುವುದನ್ನು ಇನ್ನೂ ಎರಡು ವರ್ಷ ಮುಂದೂಡಿದೆ. ದಶಕ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಬೆಳಿಗ್ಗೆ ಹೊರಟು ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿ ಆ ಊರಿಗೆ ಹೋದೆ. ಕೆಂಪಯ್ಯ ಒಬ್ಬನೇ ಜಗಲಿಯಲ್ಲಿ ಕೂತು ಕುಡುಗೋಲಿಗೆ ಹಿಡಿ ಹಾಕುತ್ತಿದ್ದ. ಕೂದಲು ಬೆಳ್ಳಗಾಗಿತ್ತು. ನೋಡಿದ ಕೂಡಲೇ ಗುರುತು ಹಿಡಿದು, "ಬನ್ನಿ ಮೇಡಮ್ಮೋರೆ" ಅಂತ ಎದ್ದ. ಮಣೆ ತರಲು ಹೋದವನನ್ನು ತಡೆದು ಜಗಲಿಯ ಮೇಲೇ ಕೂತೆ. ಕೂತ ತಕ್ಷಣ ಹೇಳದಿದ್ದರೆ ಆಗುವುದಿಲ್ಲ ಅಂತ ಗೊತ್ತಿತ್ತು.

"ಯಜಮಾನ್ರೆ, ಆವತ್ತು ಸುಳ್ಳು ಹೇಳಿದ್ದು ನಿಮ್ಮ ಮಗಳಲ್ಲ. ನಾನು. ಬರಬೇಡ ಅಂದಿದ್ದು ನಾನೇ."

ಅವನು ಕುಡುಗೋಲು ಕೆಳಗಿಡಲಿಲ್ಲ. "ಗೊತ್ತು ಕಣವ್ವ" ಅಂದ.

"ನಂಜಮಣಿ ಹೇಳಿದ್ಲಾ?"

"ಅವ್ಳೆಲ್ಲಿ ಏಳ್ತಳೆ? ಇವತ್ಗಂಟ ಒಂದ್ಮಾತು ಆಡಿಲ್ಲ. ಆವತ್ತೇ ನಂಗೆ ತಿಳೀತು. ಉಟ್ದಾಗ್ನಿಂದ ನೋಡಿವ್ನಿ, ನನ್ ಮಗೀಗೆ ಸುಳ್ಳೇಳಕ್ ಬರಕಿಲ್ಲ."

"ಮತ್ತೆ ಅವಳನ್ನ ಯಾಕೆ ಬೈದ್ರಿ?"

"ಏನ್ ಮಾಡನ ಮೇಡಮ್ಮೋರೆ? ಮನೆಗಂಟ ಬಂದೋರು, ಓದ್ದೋರು. ಕೇರಿಯೋರೆಲ್ಲ ನಿಂತಿದ್ರು. ಅವ್ರ್ ಮುಂದ್ಗಡೆ ನಿಮ್ನ ಸುಳ್ಳು ಅನ್ನಕ್ಕಾದದಾ? ಅವ್ಳೂ ಅದ್ಕೇ ಒಪ್ಕಂಡ್ಳು. ನಾಳೆ ಒಬ್ರೇ ಬಂದು ನಿಜ ಏಳ್ತರೆ, ಆಗ ಕಳ್ಸನ ಅಂದ್ಕಂಡೆ. ಅವ್ರವ್ವ ಇಸ್ಕೂಲ್ ಬಟ್ಟೆ ಒಗ್ದು ಮಡಿಸಿ ಇಟ್ಟಿದ್ಳು. ಹದ್ನೈದ್ ದಿವ್ಸ ನೋಡ್ದೊ."

ಅವನು ಹಿಡಿಯನ್ನು ನೆಲಕ್ಕೆ ಕುಟ್ಟಿ ಬಿಗಿ ಮಾಡಿದ. ಅವಳು ಈಗ ಎಲ್ಲಿದ್ದಾಳೆ ಅಂತ ಕೇಳಿದೆ.

"ಪುಣಜನೂರ್ಗೆ ಕೊಟ್ಟಿವ್ನಿ. ಚೆಂದಾಗವ್ಳೆ."

"ನಾನು ಹೋಗಿ ಅವಳ ಹತ್ರ ಒಂದು ಮಾತು ಹೇಳಿ ಬರ್ತೀನಿ."

"ಬ್ಯಾಡ ಬುಡಿ ಮೇಡಮ್ಮೋರೆ." ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಓಗಿ ಏಳುದ್ರೆ ನಿಮ್ ಭಾರ ಇಳೀತದೆ. ಅವ್ಳಿಗೇನ್ ಬತ್ತದೆ?"

ಕುಡಿಯಲು ನೀರು ತಂದುಕೊಟ್ಟ. ಕುಡಿದು ಎದ್ದೆ. ಬಸ್ಸಿನವರೆಗೂ ಜೊತೆಯಲ್ಲಿ ಬಂದು, ಸೀಟು ಸಿಕ್ಕಿತೋ ಇಲ್ಲವೋ ಅಂತ ಇಣುಕಿ ನೋಡಿ ಹೋದ.

ಅದಾದ ಮೇಲೆ ನಿವೃತ್ತಿಯಾಗುವ ತನಕ ಚಾಮರಾಜನಗರದಲ್ಲೇ ಇದ್ದೆ. ಪುಣಜನೂರು ಸತ್ಯಮಂಗಲದ ರಸ್ತೆಯಲ್ಲಿದೆ, ಬಸ್ಸುಗಳಿಗೆ ಬರವಿಲ್ಲ. ಒಂದನ್ನೂ ನಾನು ಹತ್ತಿಲ್ಲ.